ಮೌಸ್ ಕೊಟ್ಟ ಮನುಷ್ಯ, ಸೊನ್ನದ ಮೆನು

ಗೆಳೆಯರೇ, ಮೊದಲು ನಮ್ಮ ಮಾನ ಹೋದ ಕಥೆ ಹೇಳಿಬಿಡ್ತೀವಿ.

ಹೋದ ಸೆಮಿಸ್ಟರಿನಲ್ಲಿ ವೆಬ್ ಲ್ಯಾಬಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ ಒಂದು ಪುಟ ಮಾಡಿದ್ವಿ. ನಮ್ಮಲ್ಲೊಬ್ಬನ ಊರು ಅಫಜಲಪುರ ತಾಲ್ಲೂಕಿನ ಸೊನ್ನ. ಭೀಮಾ ನದಿಗೆ ಬ್ಯಾರೇಜ್ ಕಟ್ಟಿರೋ ಊರು. ಮಳೆಗಾಲದಾಗ ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರು ಅಂದ್ರ ಸಾಕು, ಸೊನ್ನ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಹೊರಗೆ ಹೋಗ್ತದ ಅನ್ನೋದೇ ನದಿ ದಂಡೆಯ ಊರುಗಳಿಗೆಲ್ಲ ದೊಡ್ಡ ಸುದ್ದಿ. 2020ರ ಅಕ್ಟೋಬರಿನ ಪ್ರವಾಹವನ್ನು ನಮ್ಮ ಭಾಗದಾಗ ಯಾರೂ ಮರೆತಿಲ್ಲ. ಇಂಥ ಹೊತ್ತಿಗೆ ಬೇಕಾಗೋ ಮಾಹಿತಿಯನ್ನೆಲ್ಲ ಒಂದೇ ಕಡೆ ಜೋಡಿಸೋಣ ಅನ್ನೋದು ನಮ್ಮ ಆಸೆ. ಪುಟದ ಮೇಲ್ಗಡೆ ಒಂದು ಮೆನು: ನೀರು, ರಸ್ತೆ, ಬೆಳೆ, ಸಹಾಯ. ಮೌಸಿನ ಬಾಣವನ್ನು ಆ ಹೆಸರಿನ ಮೇಲೆ ಒಯ್ದರೆ ಸಾಕು, ಕ್ಲಿಕ್ಕೂ ಬೇಡ, ಕೆಳಗೆ ಪಟ್ಟಿ ಇಳೀತಿತ್ತು. ಲ್ಯಾಬಿನಲ್ಲಿ ಚೆನ್ನಾಗಿ ನಡೀತು. ಅಂಕವೂ ಬಿತ್ತು.

ಆಮೇಲೆ ಗೆಳೆಯ ಆ ಲಿಂಕನ್ನು ಊರಿಗೆ ಕಳಿಸಿದ. ಅವನ ಕಾಕಾ ಫೋನಿನಲ್ಲಿ ತೆಗೆದು ನೋಡಿದರು. ಮೆನು ಬಿಚ್ಚಿಕೊಳ್ಳಲೇ ಇಲ್ಲ. ಬೆರಳಿಂದ ಒತ್ತಿದರೆ ಪಟ್ಟಿ ಒಂದು ಕ್ಷಣ ಮಿಂಚಿ, ಪುಟ ಬೇರೆಲ್ಲೋ ಹಾರಿತು. ನೀರಿನ ವಿಷಯ ಅವರಿಗೆ ಸಿಗಲೇ ಇಲ್ಲ. ಕಾಕಾ ಸಮಾಧಾನದ ಮನುಷ್ಯ, ಬಯ್ಯಲಿಲ್ಲ. ಇದನ್ನ ನಿಮ್ಮ ಲ್ಯಾಬಿಗಷ್ಟೇ ಮಾಡೀರೇನು ಅಂತ ಕೇಳಿ ಸುಮ್ಮನಾದರು. ಊರಿನ ಹೆಸರು ಸೊನ್ನ, ಪ್ರಾಜೆಕ್ಟಿನ ಫಲಿತಾಂಶ ಸೊನ್ನೆ ಅಂತ ಹಾಸ್ಟೆಲಿನಲ್ಲಿ ವಾರಗಟ್ಟಲೆ ನಮ್ಮನ್ನು ಕಾಡಿದರು.

ತಪ್ಪು ಎಲ್ಲಿ ಅಂತ ಹುಡುಕ್ತಾ ಹೋದ್ವಿ. ಕ್ಲಿಕ್ ಮಾಡದೆಯೂ ನಾವು ಎಲ್ಲಿ ತೋರಿಸ್ತಿದ್ದೀವಿ ಅಂತ ಕಂಪ್ಯೂಟರಿಗೆ ಗೊತ್ತಾಗೋದು ಹೇಗೆ? ಇದು ಶುರುವಾದದ್ದು ಎಲ್ಲಿಂದ? ಹಿಂದೆ ಹಿಂದೆ ಹೋದಾಗ ಸಿಕ್ಕವರು ಡಗ್ಲಾಸ್ ಎಂಗೆಲ್‌ಬಾರ್ಟ್. ಮೌಸ್ ಕಂಡುಹಿಡಿದವರು ಅಂತ ಕ್ವಿಜ್‌ಗಳಲ್ಲಿ ಎಲ್ಲರೂ ಅವರ ಹೆಸರು ಹೇಳಿದ್ದೀವಿ. ಒಂದು ಅಂಕದ ಆ ಉತ್ತರದ ಹಿಂದೆ ಎಂಥ ಬದುಕು ಇತ್ತು ಅನ್ನೋದು ನಮಗೂ ಗೊತ್ತಿರಲಿಲ್ಲ.

ಎಂಗೆಲ್‌ಬಾರ್ಟ್ ಹುಟ್ಟಿದ್ದು 1925ರ ಜನವರಿ 30ರಂದು, ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಹುಡುಗನಿಗೆ ಒಂಬತ್ತು ವರ್ಷವಿದ್ದಾಗಲೇ ತಂದೆ ತೀರಿಕೊಂಡರು. ಆರ್ಥಿಕ ಕುಸಿತದ ಕಾಲ ಅದು. ಪಟ್ಟಣದ ಹೊರಗೆ, ಹಳ್ಳಿಯ ವಾತಾವರಣದಲ್ಲಿ ಬೆಳೆದ ಹುಡುಗ ಆರೆಗಾನ್ ಸ್ಟೇಟ್ ಕಾಲೇಜಿಗೆ ಸೇರಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಹಿಡಿದ. ಅಂದರೆ ನಮ್ಮದೇ ಜಾತಿ. ಓದು ಅರ್ಧಕ್ಕೆ ಬಂದಾಗ ಎರಡನೇ ಮಹಾಯುದ್ಧಕ್ಕೆ ಕರೆ ಬಂತು. ನೌಕಾಪಡೆಯಲ್ಲಿ ರಾಡಾರ್ ತಂತ್ರಜ್ಞನ ಕೆಲಸ. ಫಿಲಿಪೈನ್ಸ್‌ಗೆ ಹಾಕಿದರು, ಆ ಹೊತ್ತಿಗೆ ಯುದ್ಧ ಮುಗಿದೇ ಹೋಗಿತ್ತು.

ಕೆಲಸ ಕಡಿಮೆ, ಸಮಯ ಜಾಸ್ತಿ. ಲೇಟೆ ದ್ವೀಪದಲ್ಲಿ ರೆಡ್ ಕ್ರಾಸ್‌ನವರು ಕಂಬಗಳ ಮೇಲಿನ ಒಂದು ಗುಡಿಸಲಿನಲ್ಲಿ ಪುಟ್ಟ ಓದುವ ಮನೆ ಮಾಡಿದ್ದರು. ಅಲ್ಲಿ ಎಂಗೆಲ್‌ಬಾರ್ಟರ ಕೈಗೆ ವಾನೆವಾರ್ ಬುಷ್ ಎಂಬ ವಿಜ್ಞಾನಿ 1945ರಲ್ಲಿ ಬರೆದಿದ್ದ ಒಂದು ಲೇಖನ ಸಿಕ್ಕಿತು. ಜಗತ್ತಿನಲ್ಲಿ ಜ್ಞಾನ ರಾಶಿ ಬೀಳ್ತಿದೆ, ಬೇಕಾದಾಗ ಬೇಕಾದ್ದು ಸಿಗ್ತಿಲ್ಲ, ಒಂದು ವಿಷಯದಿಂದ ಇನ್ನೊಂದಕ್ಕೆ ದಾರಿ ಮಾಡಿಕೊಡೋ ಒಂದು ಮೇಜಿನಂಥ ಯಂತ್ರ ಬೇಕು ಅನ್ನೋದು ಅದರ ಸಾರ. ಬುಷ್ ಆ ಯಂತ್ರಕ್ಕೆ ಮೆಮೆಕ್ಸ್ ಅಂತ ಹೆಸರಿಟ್ಟಿದ್ದರು. ಓದಿದ ಹುಡುಗ ಊರಿಗೆ ಬಂದ, 1948ರಲ್ಲಿ ಡಿಗ್ರಿ ಮುಗಿಸಿದ, ಕ್ಯಾಲಿಫೋರ್ನಿಯಾದ ಏಮ್ಸ್ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ. ಅದು ಈಗಿನ ನಾಸಾಗೆ ಸೇರಿದ ಜಾಗ. ಒಳ್ಳೆ ನೌಕರಿ, ಒಳ್ಳೆ ಸಂಬಳ.

1950ರ ಡಿಸೆಂಬರಿನಲ್ಲಿ ಮದುವೆ ನಿಶ್ಚಯವಾಯಿತು. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಒದ್ದಾಡೋ ನಮಗೆ ಇಲ್ಲಿಂದ ಮುಂದಿನದು ಸ್ವಲ್ಪ ವಿಚಿತ್ರ ಅನಸ್ತದ. ಎಲ್ಲ ಸಿಕ್ಕ ಮೇಲೆ ಇನ್ನು ಮುಂದೇನು ಅಂತ ಈ ಮನುಷ್ಯ ಕೂತು ಯೋಚಿಸಿದ. ಉಳಿದ ಬದುಕಿಗೆ ಒಂದು ಗುರಿ ಬೇಕು ಅನಿಸಿತು. ಜಗತ್ತಿನ ಸಮಸ್ಯೆಗಳು ದಿನದಿನಕ್ಕೆ ಜಟಿಲ ಆಗ್ತಿವೆ, ಅವು ಎರಗಿ ಬರೋ ವೇಗವೂ ಹೆಚ್ಚುತ್ತಿದೆ, ಅವನ್ನು ಒಟ್ಟಾಗಿ ಎದುರಿಸೋ ಶಕ್ತಿ ಮನುಷ್ಯರಲ್ಲಿ ಅಷ್ಟೇ ಬೇಗ ಬೆಳೀತಿಲ್ಲ. ಆ ಶಕ್ತಿಯನ್ನು ಹೆಚ್ಚಿಸೋ ಕೆಲಸ ಮಾಡಬೇಕು ಅಂತ ನಿರ್ಧರಿಸಿದರು. ರಾಡಾರಿನ ಅನುಭವ ಇಲ್ಲಿ ಕೂಡಿ ಬಂತು. ಯಂತ್ರ ಒಂದು ಗಾಜಿನ ಪರದೆಯ ಮೇಲೆ ಚುಕ್ಕೆ ಮೂಡಿಸಬಲ್ಲದು ಅಂದಮೇಲೆ, ಅಕ್ಷರವನ್ನೂ ಚಿತ್ರವನ್ನೂ ಮೂಡಿಸಬಲ್ಲದು. ಜನ ಅದರ ಮುಂದೆ ಕೂತು, ಅದರ ಜೊತೆ ಮಾತುಕತೆಯ ಹಾಗೆ ಕೆಲಸ ಮಾಡಬಹುದು.

ಆಗ ಕಂಪ್ಯೂಟರ್ ಅಂದರೆ ಕೋಣೆಯಷ್ಟು ದೊಡ್ಡ ಲೆಕ್ಕದ ಯಂತ್ರ. ಅದರ ಮುಂದೆ ಒಬ್ಬೊಬ್ಬರೇ ಕೂತು ಯೋಚಿಸೋದು ಅಂದರೆ ನಗೋ ಮಾತು. ಎಂಗೆಲ್‌ಬಾರ್ಟ್ ನೌಕರಿ ಬಿಟ್ಟು ಬರ್ಕ್ಲಿಗೆ ಹೋಗಿ 1955ರಲ್ಲಿ ಪಿಎಚ್‌ಡಿ ಮುಗಿಸಿದರು. 1957ರಲ್ಲಿ ಮೆನ್ಲೊ ಪಾರ್ಕ್‌ನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿದರು. ತಮ್ಮ ಕನಸಿನ ವಿಷಯ ಸ್ವಲ್ಪ ಕಾಲ ಬದಿಗಿಟ್ಟು, ಕೊಟ್ಟ ಕೆಲಸ ಮಾಡಿದರು. ಕೊನೆಗೆ 1962ರಲ್ಲಿ ಆ ಕನಸನ್ನೆಲ್ಲ ಒಂದು ದೊಡ್ಡ ವರದಿಯಾಗಿ ಬರೆದು ಮುಂದಿಟ್ಟರು.

ಆ ವರದಿಯಲ್ಲಿ ನಮಗೆ ಬಹಳ ಹಿಡಿಸಿದ ಒಂದು ಪ್ರಯೋಗ ಇದೆ. ಪೆನ್ಸಿಲ್ಲಿಗೆ ಒಂದು ಇಟ್ಟಿಗೆ ಕಟ್ಟಿ ಬರೆಸಿದರು! ಇಟ್ಟಿಗೆ ಕಟ್ಟಿದ ಪೆನ್ಸಿಲ್ಲಿನಿಂದ ಬರೆದರೆ ವೇಗ ಇಳೀತದ, ಅಕ್ಷರ ಸೊಟ್ಟ ಆಗ್ತದ. ಎಲ್ಲ ಕಾಲದಲ್ಲೂ ಪೆನ್ಸಿಲ್ಲು ಹೀಗೇ ಭಾರ ಇದ್ದಿದ್ದರೆ ನಾವು ಎಷ್ಟು ಬರೀತಿದ್ವಿ, ಹೇಗೆ ಯೋಚಿಸ್ತಿದ್ವಿ ಅನ್ನೋದು ಅವರ ಪ್ರಶ್ನೆ. ಸಾಧನ ಬದಲಾದರೆ ಕೆಲಸದ ವೇಗ ಅಷ್ಟೇ ಅಲ್ಲ, ಯೋಚನೆಯ ದಾರಿಯೇ ಬದಲಾಗುತ್ತೆ. ಸೊನ್ನದ ಕಾಕಾನ ಕೈಗೆ ನಾವು ಕೊಟ್ಟಿದ್ದು ಇಟ್ಟಿಗೆ ಕಟ್ಟಿದ ಪೆನ್ಸಿಲ್ಲೇ ಅಂತ ಇದನ್ನ ಓದಿದಾಗ ಹೊಳೀತು.

ಮುಂದೆ ಅಮೆರಿಕ ಸರ್ಕಾರದ ಆರ್ಪಾ ಮತ್ತು ನಾಸಾದಿಂದ ಹಣ ಬಂತು. ತಂಡ ಬೆಳೆಯಿತು. ಪರದೆಯ ಮೇಲಿರೋ ಅಕ್ಷರಗಳಲ್ಲಿ ಇದು ಬೇಕು ಅಂತ ತೋರಿಸೋಕೆ ಯಾವ ಸಾಧನ ಒಳ್ಳೇದು ಅನ್ನೋ ಪ್ರಶ್ನೆ ಆಗ ಎದುರಾಯಿತು. ಆ ಕಾಲದಲ್ಲಿ ಲೈಟ್ ಪೆನ್ ಇತ್ತು. ಪೆನ್ನಿನಂಥ ಸಾಧನವನ್ನು ಎತ್ತಿ ನೇರ ಪರದೆಗೇ ಹಿಡಿಯೋದು. ಜಾಯ್‌ಸ್ಟಿಕ್ ಇತ್ತು. ಮೊಣಕಾಲಿನಿಂದ ಅಲ್ಲಾಡಿಸೋ ಒಂದು ಸಾಧನವನ್ನೂ ಮೇಜಿನ ಕೆಳಗೆ ಜೋಡಿಸಿ ನೋಡಿದರು. ಇವುಗಳ ಜೊತೆಗೆ ಎಂಗೆಲ್‌ಬಾರ್ಟ್ ಕೆಲ ವರ್ಷ ಮೊದಲೇ ತಮ್ಮ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದ ಒಂದು ಯೋಚನೆಯೂ ಸೇರಿತು.

1964ರಲ್ಲಿ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಅದನ್ನು ಮಾಡಿ ಕೊಟ್ಟರು. ಒಂದು ಮರದ ಡಬ್ಬಿ. ಕೆಳಗೆ ಎರಡು ಚಕ್ರ, ಒಂದಕ್ಕೊಂದು ಲಂಬಕೋನದಲ್ಲಿ. ಒಂದು ಅಡ್ಡ ಚಲನೆಯನ್ನು ಅಳೆಯುತ್ತೆ, ಇನ್ನೊಂದು ಉದ್ದ ಚಲನೆಯನ್ನು. ಪ್ರತಿ ಚಕ್ರಕ್ಕೂ ಒಂದು ಪೊಟೆನ್ಶಿಯೋಮೀಟರ್. ನಮ್ಮ ಮೊದಲ ವರ್ಷದ ಲ್ಯಾಬಿನಲ್ಲಿ ತಿರುಗಿಸ್ತೀವಲ್ಲ, ಅದೇ. ಎಕ್ಸ್ ಒಂದು ವೋಲ್ಟೇಜ್, ವೈ ಒಂದು ವೋಲ್ಟೇಜ್. ಮೇಲೆ ಒಂದೇ ಗುಂಡಿ. ಹಿಂದೆ ಬಾಲದಂತೆ ವೈರು. ಯಾರೋ ಇಲಿ ಅಂದರು, ಹೆಸರು ಅಂಟಿಕೊಂಡಿತು. ಮೊದಲು ಹಾಗೆ ಕರೆದವರು ಯಾರು ಅನ್ನೋದು ಆಮೇಲೆ ಅವರಿಗೇ ನೆನಪಿರಲಿಲ್ಲ.

ಜನರನ್ನು ಕೂಡಿಸಿ ಎಲ್ಲ ಸಾಧನಗಳನ್ನೂ ಗಡಿಯಾರ ಹಿಡಿದು ಪರೀಕ್ಷೆ ಮಾಡಿದರು. ಪಳಗಿದವರ ಕೈಯಲ್ಲಿ ಮೌಸ್ ಗೆದ್ದಿತು. ಲೈಟ್ ಪೆನ್ನಿನಲ್ಲಿ ಪ್ರತಿ ಸಲ ಕೈ ಎತ್ತಿ ಪರದೆಗೆ ಒಯ್ಯಬೇಕು, ಕೈ ಸೋಲ್ತದ. ಮೌಸಿನಲ್ಲಿ ಕೈ ಮೇಜಿನ ಮೇಲೇ ಇರುತ್ತೆ, ಚುಕ್ಕೆ ಮಾತ್ರ ಪರದೆಯ ಮೇಲೆ ಓಡಾಡುತ್ತೆ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನಮ್ಮ ಮೆನುವಿನ ಗುಟ್ಟು ಇರೋದೇ ಇಲ್ಲಿ. ಮೌಸಿನಲ್ಲಿ ತೋರಿಸೋದು ಬೇರೆ, ಒತ್ತೋದು ಬೇರೆ. ಸಂತೆಯಲ್ಲಿ ಬದನೆಕಾಯಿ ಕಡೆ ಬೆರಳು ತೋರಿಸಿದ ಮಾತ್ರಕ್ಕೆ ಕೊಂಡ ಹಾಗಲ್ಲ. ಬೆರಳು ಹೋದ ಕಡೆ ನೋಡಿ ಅಂಗಡಿಯಾಕೆ ಬೆಲೆ ಹೇಳ್ತಾಳೆ, ಬೇಕಾದರೆ ತಗೋತೀವಿ, ಬೇಡಾದರೆ ಮುಂದೆ ಹೋಗ್ತೀವಿ. ಈ ತೋರಿಸೋದಕ್ಕೂ ತಗೋಳೋದಕ್ಕೂ ನಡುವಿನ ಜಾಗವೇ ನಾವು ಹೋವರ್ ಅಂತ ಕರೆಯೋದು. ಆ ಮರದ ಡಬ್ಬಿ ಈ ನಡುವಿನ ಜಾಗವನ್ನು ಕೋಟ್ಯಂತರ ಜನರ ಅಂಗೈಗೆ ತಂದುಕೊಟ್ಟಿತು.

1968ರ ಡಿಸೆಂಬರ್ 9. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪ್ಯೂಟರ್ ಸಮ್ಮೇಳನ. ಸುಮಾರು 1000 ಜನ ಎಂಜಿನಿಯರುಗಳ ಎದುರು ಎಂಗೆಲ್‌ಬಾರ್ಟ್ ತಲೆಗೆ ಮೈಕು ಸಿಕ್ಕಿಸಿಕೊಂಡು ಕೂತರು. ಕಂಪ್ಯೂಟರ್ ಇದ್ದದ್ದು ಅಲ್ಲಿಂದ ಸುಮಾರು 30 ಮೈಲಿ ದೂರದ ಮೆನ್ಲೊ ಪಾರ್ಕ್‌ನಲ್ಲಿ. ಮೈಕ್ರೋವೇವ್ ಸಂಪರ್ಕ ಹಾಕಿ, ಅಲ್ಲಿನ ಚಿತ್ರವನ್ನು ಇಲ್ಲಿನ ದೊಡ್ಡ ಪರದೆಗೆ ತಂದಿದ್ದರು. ಬಿಲ್ ಇಂಗ್ಲಿಷ್ ಹಿಂದೆ ನಿಂತು ಎಲ್ಲವನ್ನೂ ನಡೆಸ್ತಿದ್ದರು. ಒಂದು ವೈರು ಕೈಕೊಟ್ಟಿದ್ದರೂ ಇಡೀ ತಂಡದ ವರ್ಷಗಳ ಕೆಲಸ ನಗೆಪಾಟಲು. ನಮ್ಮ ಟೆಕ್ ಫೆಸ್ಟಿನಲ್ಲಿ ಪ್ರೊಜೆಕ್ಟರ್ ಕೈಕೊಟ್ಟ ದಿನ ನೆನಪಿಸಿಕೊಳ್ರಿ, ಎದೆ ಬಡಿತ ಅರ್ಥ ಆಗ್ತದ.

90 ನಿಮಿಷ. ಮೊದಲು ಒಂದು ದಿನಸಿ ಪಟ್ಟಿ ತೆಗೆದರು. ಬಾಳೆಹಣ್ಣು, ಸೂಪು ಅಂತ ಮನೆಗೆ ಒಯ್ಯಬೇಕಾದ ಸಾಮಾನು. ಅದನ್ನು ಗುಂಪು ಗುಂಪಾಗಿ ವಿಂಗಡಿಸಿದರು, ಮಡಚಿದರು, ಬಿಚ್ಚಿದರು. ಮನೆಗೆ ಹೋಗೋ ದಾರಿಯ ನಕ್ಷೆ ತೋರಿಸಿ, ಅದರಲ್ಲಿ ಒಂದು ಜಾಗವನ್ನು ಆರಿಸಿದರೆ ಅಲ್ಲಿ ಮಾಡಬೇಕಾದ ಕೆಲಸ ತೆರೆದುಕೊಳ್ಳೋದನ್ನು ತೋರಿಸಿದರು. ಮುಖ್ಯ ಹೆಸರು ಮೇಲೆ, ವಿವರ ಅದರ ಒಳಗೆ, ಕೇಳಿದಾಗ ಮಾತ್ರ ಹೊರಗೆ. ನಮ್ಮ ಮೆನುಗಳ ಅಜ್ಜ ಅಲ್ಲಿದ್ದ. ಒಂದು ಬರಹದಿಂದ ಇನ್ನೊಂದಕ್ಕೆ ಜಿಗಿಯೋ ಲಿಂಕು, ಪರದೆಯನ್ನು ಭಾಗ ಮಾಡೋದು, ದೂರದಲ್ಲಿದ್ದ ಸಹೋದ್ಯೋಗಿಯ ಮುಖ ನೋಡುತ್ತಾ ಇಬ್ಬರೂ ಒಂದೇ ಬರಹದ ಮೇಲೆ ಕೆಲಸ ಮಾಡೋದು, ಎಲ್ಲವೂ ಅವತ್ತು ನಡೆದವು. ಪರದೆಯ ಮೇಲೆ ಓಡೋ ಆ ಗುರುತನ್ನು ಅವರು ಬಗ್ ಅಂತ ಕರೀತಿದ್ದರು. ಪ್ರದರ್ಶನ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮರುವರ್ಷ, 1969ರ ಅಕ್ಟೋಬರ್ 29ರಂದು, ಈಗಿನ ಇಂಟರ್ನೆಟ್ಟಿನ ಮೂಲವಾದ ಆರ್ಪಾನೆಟ್‌ನ ಮೊದಲ ಸಂದೇಶ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಹೊರಟು ಮುಟ್ಟಿದ್ದೂ ಇವರಿದ್ದ ಸಂಸ್ಥೆಯನ್ನೇ. 1970ರ ನವೆಂಬರ್ 17ರಂದು ಮೌಸಿಗೆ ಪೇಟೆಂಟ್ ಸಿಕ್ಕಿತು, ಸಂಖ್ಯೆ 3541541. ಕಾಗದದಲ್ಲಿ ಮೌಸ್ ಅನ್ನೋ ಶೀರ್ಷಿಕೆಯಿಲ್ಲ, ಪರದೆಗೆ ಎಕ್ಸ್-ವೈ ಸ್ಥಾನ ಸೂಚಕ ಅಂತಿದೆ.

ಇಷ್ಟಾದ ಮೇಲೆ ಗಾಡಿ ಬೆಟ್ಟ ಹತ್ತಬೇಕಿತ್ತು. ಆದರೆ ಇಳಿಯೋಕೆ ಶುರುವಾಯಿತು. ಹಣ ಕೊಡೋರ ಆಸಕ್ತಿ ಬೇರೆ ಕಡೆ ತಿರುಗಿತು. ತಂಡದ ಜಾಣ ಹುಡುಗರು ಒಬ್ಬೊಬ್ಬರಾಗಿ 1970ರಲ್ಲಿ ಶುರುವಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯಕ್ಕೆ ಹೋದರು, ಬಿಲ್ ಇಂಗ್ಲಿಷ್ ಕೂಡ. 1973ರಲ್ಲಿ ಅಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ಬಂತು, ಅದಕ್ಕೆ ಮೌಸ್ ಇತ್ತು. ಮುಂದೆ 1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಮೌಸನ್ನು ಮನೆಮನೆಗೆ ಒಯ್ದಿತು. ಪೇಟೆಂಟ್ ಸಂಸ್ಥೆಯ ಹೆಸರಿನಲ್ಲಿತ್ತು, ಎಂಗೆಲ್‌ಬಾರ್ಟರಿಗೆ ಅದರಿಂದ ರಾಯಲ್ಟಿ ಬರಲಿಲ್ಲ. ಆಪಲ್‌ಗೆ ಅದರ ಪರವಾನಗಿಯನ್ನು ಸುಮಾರು 40,000 ಡಾಲರಿಗೆ ಕೊಟ್ಟಿದ್ದಾರೆ ಅನ್ನೋದು ಅವರಿಗೆ ಗೊತ್ತಾದದ್ದು ವರ್ಷಗಳ ನಂತರ.

ಹಣಕ್ಕಿಂತ ಅವರಿಗೆ ನೋವು ಕೊಟ್ಟದ್ದು ಬೇರೆ. ಜಗತ್ತು ಮೌಸನ್ನು ತಗೊಂಡಿತು, ಮೌಸ್ ಯಾಕೆ ಬೇಕಾಗಿತ್ತು ಅನ್ನೋದನ್ನ ಬಿಟ್ಟುಬಿಟ್ಟಿತು. ಜನ ಒಟ್ಟಾಗಿ ಕಷ್ಟದ ಸಮಸ್ಯೆ ಬಿಡಿಸೋಕೆ ಅಂತ ಅವರು ಕಟ್ಟಿದ್ದ ಇಡೀ ಮನೆಯಲ್ಲಿ, ಬಾಗಿಲ ಹಿಡಿಕೆ ಮಾತ್ರ ಕಿತ್ತುಕೊಂಡು ಹೋದ ಹಾಗೆ. 1970ರ ದಶಕದ ಕೊನೆಗೆ ಅವರ ವ್ಯವಸ್ಥೆ ಟೈಮ್‌ಶೇರ್ ಎಂಬ ಕಂಪನಿಯ ಪಾಲಾಯಿತು. 1984ರಲ್ಲಿ ಆ ಕಂಪನಿಯನ್ನು ವಿಮಾನ ತಯಾರಿಸೋ ಮೆಕ್‌ಡೊನೆಲ್ ಡಗ್ಲಾಸ್ ಕೊಂಡಿತು. ಕೇಳೋರಿಲ್ಲದೆ ಎಂಗೆಲ್‌ಬಾರ್ಟ್ 1986ರಲ್ಲಿ ಹೊರಬಂದರು. 1988ರಲ್ಲಿ ಮಗಳು ಕ್ರಿಸ್ಟಿನಾ ಜೊತೆ ಸೇರಿ ಬೂಟ್‌ಸ್ಟ್ರಾಪ್ ಇನ್‌ಸ್ಟಿಟ್ಯೂಟ್ ಕಟ್ಟಿ, ಅದೇ ಹಳೆ ಕನಸನ್ನು ಮತ್ತೆ ಹೇಳೋಕೆ ಶುರು ಮಾಡಿದರು. ಮೌಸ್ ಮಾರಿ ಬೆಳೆದ ಲಾಜಿಟೆಕ್ ಕಂಪನಿ ಅವರಿಗೆ ಕೂತು ಕೆಲಸ ಮಾಡೋಕೆ ಕಚೇರಿ ಜಾಗ ಕೊಟ್ಟಿತು.

ಅವರ ಕಡೆಯಿಂದ ತಪ್ಪೇ ಇರಲಿಲ್ಲವಾ? ಇತ್ತು ಅನಸ್ತದ. ಅವರ ವ್ಯವಸ್ಥೆ ಕಲಿಯೋಕೆ ಕಷ್ಟ. ಬಲಗೈಗೆ ಮೌಸ್, ಎಡಗೈಗೆ ಐದು ಕೀಲಿಗಳ ಇನ್ನೊಂದು ಸಾಧನ, ಹಾರ್ಮೋನಿಯಂ ಥರ ಎರಡು ಮೂರು ಕೀಲಿ ಕೂಡಿಸಿ ಒತ್ತಿ ಅಕ್ಷರ ಮೂಡಿಸಬೇಕು. ಮೂರು ಚಕ್ರದ ಸೈಕಲ್ ಕಲಿಯೋಕೆ ಸುಲಭ, ಆದರೆ ದೂರ ಹೋಗಬೇಕಾದವರು ಎರಡು ಚಕ್ರದ್ದನ್ನೇ ಕಲಿಯಬೇಕು ಅನ್ನೋದು ಅವರ ವಾದ. ನಾವು ಈ ವಾದದ ಬಗ್ಗೆ ಕ್ಯಾಂಟೀನಿನಲ್ಲಿ ಕೂತು ಜಗಳ ಆಡಿದ್ದೀವಿ. ಎಂಜಿನಿಯರುಗಳಿಗೆ ಇದು ಸರಿ. ಆದರೆ ಹೊಳಿ ನೀರು ಏರ್ತಿರೋ ರಾತ್ರಿ ಫೋನು ಹಿಡಿದವರಿಗೆ ಕಲಿಯೋ ವ್ಯವಧಾನ ಎಲ್ಲಿರ್ತದ? ಅವರಿಗೆ ಮೂರು ಚಕ್ರದ್ದೇ ಬೇಕು, ಅದೂ ಕೂಡಲೇ ಹತ್ತೋ ಹಾಗೆ ಇರಬೇಕು.

ಈ ನಡುವೆ ಅವರ ಚುಕ್ಕೆ ವೆಬ್ಬಿಗೆ ಬಂದಿತ್ತು. 1995ರಲ್ಲಿ ಬ್ರೆಂಡನ್ ಐಕ್ ಮಾಡಿದ ಜಾವಾಸ್ಕ್ರಿಪ್ಟ್ ನೆಟ್‌ಸ್ಕೇಪ್ ಬ್ರೌಸರಿನೊಳಗೆ ಸೇರಿ, ಬಾಣ ಒಂದು ಲಿಂಕಿನ ಮೇಲೆ ಬಂದಿತು ಅಂತ ಪುಟಕ್ಕೆ ತಿಳಿಸೋ ಮೌಸ್‌ಓವರ್ ಘಟನೆ ಬಂತು. 1998ರ ಸಿಎಸ್‌ಎಸ್ 2ರಲ್ಲಿ ಹೋವರ್ ಎಂಬ ಪದವೇ ನಿಯಮದೊಳಗೆ ಸೇರಿತು. ಸ್ಕ್ರಿಪ್ಟ್ ಇಲ್ಲದೆಯೂ ಮೆನು ಇಳಿಸಬಹುದಾಯಿತು. ಆದರೆ ತೊಡಕುಗಳೂ ಬಂದವು. ಮೌಸ್‌ಓವರ್ ಒಳಗಿನ ಪ್ರತಿ ಮರಿ ಅಂಶದ ಮೇಲೂ ಮತ್ತೆ ಮತ್ತೆ ಹುಟ್ಟಿ ಮೇಲಕ್ಕೆ ಏರುತ್ತೆ, ಅದಕ್ಕೇ ಪಟ್ಟಿ ಮಿಣಮಿಣ ಅನ್ನುತ್ತೆ. ಒಳಗೆ ಬಂದಾಗ ಒಮ್ಮೆ ಮಾತ್ರ ಹೇಳೋ ಮೌಸ್‌ಎಂಟರ್ ಬಳಸಿದರೆ ಆ ಕಾಟ ತಪ್ಪುತ್ತೆ. ಇನ್ನೊಂದು, ಹೆಸರಿನಿಂದ ಉಪಪಟ್ಟಿಗೆ ಬಾಣ ಓರೆಯಾಗಿ ಹೋಗುವಾಗ ದಾರಿಯಲ್ಲಿ ಪಕ್ಕದ ಹೆಸರು ತಾಗಿ ಬೇರೆ ಪಟ್ಟಿ ತೆರೆಯೋದು. ಬಾಣ ಮತ್ತು ಪಟ್ಟಿಯ ಎರಡು ಮೂಲೆಗಳ ನಡುವೆ ಒಂದು ತ್ರಿಕೋನ ಕಲ್ಪಿಸಿ, ಬಾಣ ಅದರೊಳಗೆ ಓಡುತ್ತಿರುವಷ್ಟು ಹೊತ್ತು ಪಟ್ಟಿ ಮುಚ್ಚದೆ ಕಾಯೋದು ಅದಕ್ಕೆ ಮದ್ದು. ಈ ಯೋಚನೆ 1980ರ ದಶಕದಲ್ಲೇ ಆಪಲ್‌ನ ವಿನ್ಯಾಸಕರಿಗೆ ಹೊಳೆದಿತ್ತು.

ಇವೆಲ್ಲ ನಾವು ಮಾಡಿದ್ವಿ, ಅಂಕವೂ ಬಿತ್ತು. ಆದರೂ ಕಾಕಾನ ಫೋನಿನಲ್ಲಿ ಸೋತದ್ದು ಯಾಕೆ? ಬೆರಳಿಗೆ ನಡುವಿನ ಜಾಗ ಇಲ್ಲ. ಫೋನಿನ ಗಾಜಿಗೆ ಬೆರಳು ತಾಗಿದರೇ ತೋರಿಸಿದ ಹಾಗೆ, ತಾಗಿದರೇ ಒತ್ತಿದ ಹಾಗೆ. ಹಳೆ ಪುಟಗಳು ಕೆಲಸ ಮಾಡಲಿ ಅಂತ ಫೋನಿನ ಬ್ರೌಸರು ಒಂದು ಸುಳ್ಳು ಮೌಸ್‌ಓವರ್ ಹುಟ್ಟಿಸುತ್ತೆ, ಅದರ ಬೆನ್ನಿಗೇ ಕ್ಲಿಕ್ಕನ್ನೂ ಹುಟ್ಟಿಸುತ್ತೆ. ಪಟ್ಟಿ ಮಿಂಚಿದ್ದೂ ಪುಟ ಹಾರಿದ್ದೂ ಅದಕ್ಕೇ. ಮೌಸ್ ಹಿಡಿಯಲಾಗದೆ ಬರೀ ಕೀಬೋರ್ಡಿನಿಂದ ಓಡಾಡೋರಿಗೂ ಇದೇ ಗತಿ.

ಎಂಗೆಲ್‌ಬಾರ್ಟರಿಗೆ ಕೊನೆಗೆ ಗೌರವ ಬಂತು. 1997ರಲ್ಲಿ ಟ್ಯೂರಿಂಗ್ ಪ್ರಶಸ್ತಿ, ಅದೇ ವರ್ಷ 5 ಲಕ್ಷ ಡಾಲರಿನ ಲೆಮೆಲ್ಸನ್-ಎಂಐಟಿ ಬಹುಮಾನ. ಅದೇ ವರ್ಷವೇ ಹೆಂಡತಿ ಬ್ಯಾಲರ್ಡ್ ತೀರಿಕೊಂಡರು. ಆ ನಿಶ್ಚಿತಾರ್ಥದ ದಿನಗಳ ಯೋಚನೆಯಿಂದ ಹಿಡಿದು ಎಲ್ಲ ಏರಿಳಿತಕ್ಕೂ ಜೊತೆಗಿದ್ದವರು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ. 2013ರ ಜುಲೈ 2ರಂದು ಕ್ಯಾಲಿಫೋರ್ನಿಯಾದ ಆಥರ್ಟನ್‌ನ ಮನೆಯಲ್ಲಿ, 88ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಆ ಹೊತ್ತಿಗಾಗಲೇ ಜಗತ್ತು ಮೌಸ್ ಬಿಟ್ಟು ಬೆರಳಿಗೆ ಬಂದಿತ್ತು. ಮಾಡಿದವರು ಇರುವಾಗಲೇ ಅವರ ಸಾಧನ ಹಳತಾಗತೊಡಗಿತ್ತು, ಅವರ ಪ್ರಶ್ನೆ ಮಾತ್ರ ಹಳತಾಗಿರಲಿಲ್ಲ.

ನಾವು ಮೆನುವನ್ನು ಮತ್ತೆ ಬರೆದ್ವಿ. ಈಗ ಪ್ರತಿ ಹೆಸರೂ ಒಂದು ನಿಜವಾದ ಬಟನ್. ಒತ್ತಿದರೆ ತೆರೀತದ, ಮತ್ತೆ ಒತ್ತಿದರೆ ಮುಚ್ಚತದ. ಕೀಬೋರ್ಡಿನ ಟ್ಯಾಬ್ ಕೀಲಿಯಿಂದಲೂ ಸಿಗ್ತದ, ಎಸ್ಕೇಪ್ ಒತ್ತಿದರೆ ಹೋಗ್ತದ. ಸಾಧನಕ್ಕೆ ಹೋವರ್ ಮಾಡೋ ಶಕ್ತಿ ಇದೆಯಾ ಅಂತ ಸಿಎಸ್‌ಎಸ್‌ನ ಮೀಡಿಯಾ ಕ್ವೆರಿಯಲ್ಲಿ ಕೇಳಿ, ಇದ್ದರೆ ಮಾತ್ರ ಹೋವರಿಗೆ ತೆರೆಯೋ ಹಾಗೆ ಇಟ್ಟಿದ್ದೀವಿ. ನೀರಿನ ವಿಷಯವನ್ನಂತೂ ಮೆನುವಿನಿಂದಲೇ ಹೊರಗೆ ತೆಗೆದು, ಪುಟ ತೆರೆದ ಕೂಡಲೇ ಕಾಣೋ ಹಾಗೆ ಎಲ್ಲಕ್ಕಿಂತ ಮೇಲೆ ಹಾಕಿದ್ದೀವಿ. ಅದಕ್ಕೆ ಯಾವ ಘಟನೆಯೂ ಬೇಡ, ಸ್ಕ್ರಿಪ್ಟೂ ಬೇಡ.

ಕಾಕಾ ಮತ್ತೆ ನೋಡಿದರು. ಹೊಗಳಲಿಲ್ಲ. ಅಕ್ಷರ ಸ್ವಲ್ಪ ದೊಡ್ಡದಿದ್ದರೆ ಛಲೋ ಇತ್ತು ಅಂದರಂತೆ. ಮುಂದಿನ ಕೆಲಸ ಗೊತ್ತಾಯಿತು.

ನಿಮ್ಮ ಪ್ರಾಜೆಕ್ಟ್ ಮುಗಿದ ದಿನ ಒಂದು ಕೆಲಸ ಮಾಡ್ರಿ. ಲ್ಯಾಬಿನ ಮಾನಿಟರಿನಿಂದ ಎದ್ದು, ಮನೆಯ ಹಿರಿಯರೊಬ್ಬರ ಕೈಗೆ ಫೋನಿನಲ್ಲಿ ಅದನ್ನು ಕೊಟ್ಟು, ಬಾಯಿ ಮುಚ್ಚಿಕೊಂಡು ಹತ್ತು ನಿಮಿಷ ನೋಡ್ತಾ ಕೂಡ್ರಿ. ಗಡಿಯಾರ ಇಟ್ಟುಕೊಂಡು ಜನರ ಕೈಗಳನ್ನು ನೋಡ್ತಾ ಕೂತ ಎಂಗೆಲ್‌ಬಾರ್ಟರ ತಂಡ ಮಾಡಿದ್ದೂ ಇದನ್ನೇ.